ಸುಲ್ತಾನನ ತಾಯಿಯ ಪಾರ್ಟು

ಕಳೆದ ತಿಂಗಳು ಆಫೀಸಿನ ಕೆಲಸಕ್ಕೆಂದು ದುಬೈಯಿಂದ ಅಬುಧಾಬಿಗೆ ಹೋಗಿದ್ದೆ. ಕೆಲಸ ಅಂದುಕೊಂಡದ್ದಕ್ಕಿಂತ ಬೇಗ ಮುಗಿಯಿತು. ವಾಪಸ್ ಬಸ್ಸಿಗೆ ಇನ್ನೂ ಹೊತ್ತಿದ್ದುದರಿಂದ ಖಾಲಿದಿಯಾದ ಹಿಂದಿನ ಓಣಿಗಳಲ್ಲಿ ಸುಮ್ಮನೆ ಸುತ್ತಿದೆ. ಒಂದು ಕಡೆ ನೇಮ್ ಬೋರ್ಡ್ ಮಾಡುವವರ ಅಂಗಡಿಯ ಬಾಗಿಲು ತೆರೆದಿತ್ತು. ಒಳಗೊಬ್ಬ ಬಿಸಿ ತಂತಿಯಲ್ಲಿ ಥರ್ಮೋಕೋಲ್ ಕತ್ತರಿಸುತ್ತಿದ್ದ. ಆ ಸುಟ್ಟ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಗ್ರಾನಡಾ ನೆನಪಾಯಿತು. ಸ್ಪೇನ್ ದೇಶದ ಗ್ರಾನಡಾ. ನಾನು ಇವತ್ತಿನವರೆಗೂ ನೋಡದ ಊರು ಅದು. ಈಗ ನನ್ನದೇ ಸಂಬಳವಿದೆ, ಬೇಕೆಂದರೆ ನಾಳೆ ಹೊರಡಬಹುದು. ಆದರೆ ಹೋಗುವುದಿಲ್ಲ. ಆ ಊರಿನ ಮೇಲೆ ನನಗೆ ಇನ್ನೂ ಸಿಟ್ಟಿದೆ, ಪಾಪ, ಆ ಊರಿಗೆ ಅದು ಗೊತ್ತೂ ಇಲ್ಲ.

ಎಣ್ಣೆಯ ಬೆಲೆ ಕುಸಿದು ಗಲ್ಫಿನ ಅರ್ಧದಷ್ಟು ಮನೆಗಳಲ್ಲಿ ಗಂಡ ಹೆಂಡತಿ ಪಿಸುಮಾತಿನಲ್ಲಿ ಮಾತಾಡತೊಡಗಿದ ವರ್ಷ ಅದು. ನಾನಾಗ ಅಬುಧಾಬಿಯ ಒಂದು ಇಂಡಿಯನ್ ಶಾಲೆಯಲ್ಲಿ ಒಂಬತ್ತನೇ ಕ್ಲಾಸು. ನಮ್ಮದು ಮಂಗಳೂರು ಕಡೆಯ ಕೊಂಕಣಿ ಕ್ರಿಶ್ಚಿಯನ್ನರ ಮನೆ. ಪಪ್ಪ ದೂರದ ಮರುಭೂಮಿಯ ಮದೀನತ್ ಜಾಯೆದಿನಲ್ಲಿ, ಎಣ್ಣೆ ಬಾವಿಗಳಿಗೆ ಸಾಮಾನು ಒದಗಿಸುವ ಒಂದು ಕಂಪೆನಿಯ ಸ್ಟೋರ್ ಕೀಪರ್. ವಾರವಿಡೀ ಅಲ್ಲೇ ಕ್ಯಾಂಪಿನಲ್ಲಿದ್ದು ಗುರುವಾರ ಸಂಜೆ ಕಂಪೆನಿ ಬಸ್ಸಿನಲ್ಲಿ ಮನೆಗೆ ಬರುತ್ತಿದ್ದರು. ಅಲ್ಲಿ ಆಗ ವಾರದ ರಜೆ ಶುಕ್ರವಾರ, ಶನಿವಾರ. ಮಮ್ಮಿ ಖಾಲಿದಿಯಾದ ಒಂದು ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ಕೆಲಸ ಮಮ್ಮಿಯದ್ದೇ ಆದರೂ ವೀಸಾ ಪಪ್ಪನದ್ದು. ಪಪ್ಪನ ವೀಸಾ ಹೋದರೆ ಮಮ್ಮಿಯದ್ದೂ ನನ್ನದೂ ಒಟ್ಟಿಗೆ ಹೋಗುತ್ತದೆ. ಒಂದೇ ಗೂಟಕ್ಕೆ ಕಟ್ಟಿದ ಮೂರು ಆಡುಗಳು ನಾವು.

ಸೆಪ್ಟೆಂಬರಿನಲ್ಲಿ ಶಾಲೆಯ ಅಸೆಂಬ್ಲಿಯಲ್ಲಿ ಪ್ರಕಟಿಸಿದರು. ಶಾಲೆಯ ವರ್ಷ ಮುಗಿಯುವ ಮಾರ್ಚ್ ಕೊನೆಯ ರಜೆಯಲ್ಲಿ ಒಂಬತ್ತನೇ ಕ್ಲಾಸಿನವರಿಗೆ ಸ್ಪೇನ್ ಪ್ರವಾಸ. ಸೆವಿಲ್ಲೆ, ಕಾರ್ಡೋಬಾ, ಗ್ರಾನಡಾ. ಆಫ್ರಿಕಾದ ಕಡೆಯಿಂದ ದಾಟಿ ಬಂದ ಮೂರ್ ಎಂಬ ಮುಸ್ಲಿಮರು ಶತಮಾನಗಟ್ಟಲೆ ಆಳಿ, ಮಸೀದಿ ಅರಮನೆ ತೋಟಗಳನ್ನು ಕಟ್ಟಿ, ಕಡೆಗೆ ಎಲ್ಲವನ್ನೂ ಬಿಟ್ಟು ಹೋಗಬೇಕಾಗಿ ಬಂದ ಊರುಗಳು. ಅರಬರ ದೇಶದಲ್ಲಿ ಬೆಳೆಯುವ ಮಕ್ಕಳು ಅರಬರು ಯುರೋಪಿನಲ್ಲಿ ಏನು ಕಟ್ಟಿದರು ಎಂದು ನೋಡಬೇಕು ಎಂಬುದು ಪ್ರಿನ್ಸಿಪಾಲರ ಭಾಷಣ. ಅದರ ಹಿಂದಿದ್ದವರು ನಮ್ಮ ಸೋಶಿಯಲ್ ಟೀಚರ್ ಝುಬೇದಾ ಮಿಸ್. ಬಂಟ್ವಾಳದ ಬ್ಯಾರಿ ಮನೆತನದವರು, ಪಾಠ ಮಾಡುತ್ತ ಮಾಡುತ್ತ ತಾವೇ ಕಣ್ಣೊರೆಸಿಕೊಳ್ಳುವ ಜಾತಿ. ಸುಮ್ಮನೆ ಫೋಟೋ ತೆಗೆದು ಬರುವ ಪ್ರವಾಸ ಅವರಿಗೆ ಬೇಡ. ಪ್ರತಿಯೊಬ್ಬರೂ ಒಂದೊಂದು ಜಾಗಕ್ಕೆ ತಯಾರಾಗಬೇಕು, ಆ ಜಾಗಕ್ಕೆ ಹೋದಾಗ ಅಲ್ಲೇ ನಿಂತು ಉಳಿದವರಿಗೆ ಪಾಠ ಹೇಳಬೇಕು, ಇಲ್ಲವೇ ಆಡಿ ತೋರಿಸಬೇಕು.

ನನಗೆ ಸಿಕ್ಕಿದ್ದು ಗ್ರಾನಡಾದ ಹೊರಗಿನ ಒಂದು ಕಣಿವೆ ದಾರಿ. ಕೊನೆಯ ಸುಲ್ತಾನ ಊರಿನ ಬೀಗದ ಕೈಗಳನ್ನು ಕ್ರೈಸ್ತ ರಾಜ ರಾಣಿಗೆ ಒಪ್ಪಿಸಿ ಹೊರಟವನು, ಆ ದಾರಿಯ ತುದಿಯಲ್ಲಿ ನಿಂತು, ಹಿಂದಕ್ಕೆ ತಿರುಗಿ ಕೋಟೆಯನ್ನು ನೋಡಿ ಅತ್ತನಂತೆ. ಜೊತೆಯಲ್ಲಿದ್ದ ತಾಯಿ ಅವನಿಗೆ ಸಮಾಧಾನ ಹೇಳಲಿಲ್ಲ, ಚುಚ್ಚಿದಳಂತೆ. ಇದು ಇತಿಹಾಸವಲ್ಲ, ಜನ ಹೇಳುವ ಕತೆ ಎಂದು ಮಿಸ್ ಮೊದಲೇ ಹೇಳಿದ್ದರು. ಸುಲ್ತಾನನ ಪಾರ್ಟು ಕ್ಲಾಸಿನ ಒಬ್ಬ ಹುಡುಗನಿಗೆ, ತಾಯಿಯದ್ದು ನನಗೆ. ಮಾತುಗಳನ್ನು ಮಿಸ್ ಇಂಗ್ಲಿಷಿನಲ್ಲಿ ಬರೆದುಕೊಟ್ಟಿದ್ದರು. ಕನ್ನಡದಲ್ಲಿ ಹೇಳುವುದಾದರೆ ಇಷ್ಟೇ: ‘ಅಳು. ಉಳಿಸಿಕೊಳ್ಳಲು ನಿನ್ನಿಂದ ಆಗಲಿಲ್ಲ. ಅಳುವುದಾದರೂ ಬರುತ್ತದಲ್ಲ.’

ನವೆಂಬರ್ ಬಂತು, ಬೆಳಗಿನ ಮಂಜು ಬಂತು, ಎ.ಸಿ. ಬಂದ್ ಮಾಡಿ ಕಿಟಕಿ ತೆರೆಯುವ ಕಾಲ. ನಮ್ಮ ಮನೆಯ ಡೈನಿಂಗ್ ಟೇಬಲ್ಲಿನ ಮೇಲೆ ಗ್ರಾನಡಾದ ಕೋಟೆ ಏಳತೊಡಗಿತು. ಪ್ರವಾಸಕ್ಕೆ ಮೊದಲು ಶಾಲೆಯಲ್ಲಿ ಒಂದು ಪ್ರದರ್ಶನ ಇತ್ತು, ಅದಕ್ಕಾಗಿ ಮಾಡೆಲ್. ಪಪ್ಪ ಹಳೆಯ ಬ್ಯಾಟರಿಗೆ ತಂತಿ ಕಟ್ಟಿ ಥರ್ಮೋಕೋಲ್ ಕತ್ತರಿಸುವ ಸಾಧನ ಮಾಡಿಕೊಟ್ಟರು. ಗುರುವಾರ ಬಂದವರೇ ಊಟ ಮುಗಿಸಿ ಕೂತುಬಿಡುತ್ತಿದ್ದರು. ಮನೆಯೆಲ್ಲಾ ಸುಟ್ಟ ವಾಸನೆ, ಸಾರಿನ ಮೇಲೆ ಬಿಳಿ ಚೂರು. ಮಮ್ಮಿ ಮೂಗು ಮುರಿಯುತ್ತಿದ್ದಳು. ಆದರೂ ಕೋಟೆಯೊಳಗಿನ ಸಿಂಹಗಳ ಅಂಗಳಕ್ಕೆ ಸಿಂಹ ಮಾಡಿಕೊಟ್ಟವಳು ಅವಳೇ, ಚಪಾತಿ ಹಿಟ್ಟಿನಲ್ಲಿ. ಒಣಗಿದ ಮೇಲೆ ಅವು ಬೆಕ್ಕುಗಳ ಹಾಗೆ ಕಾಣುತ್ತಿದ್ದವು.

ಶುಕ್ರವಾರ ಇಗರ್ಜಿಯಿಂದ ಬಂದ ಮೇಲೆ ರಿಹರ್ಸಲ್. ಸುಲ್ತಾನ ಪಪ್ಪ. ಸ್ಟೋರಿನ ಕೀಲಿಗೊಂಚಲನ್ನು ಫ್ರಿಡ್ಜಿಗೆ ಒಪ್ಪಿಸುವುದು, ಬಾಲ್ಕನಿಯ ಬಾಗಿಲ ತನಕ ನಡೆಯುವುದು, ತಿರುಗಿ ಥರ್ಮೋಕೋಲ್ ಕೋಟೆಯನ್ನು ನೋಡಿ ಗೊಳೋ ಎಂದು ಅಳುವುದು. ಅಳುವುದರಲ್ಲಿ ಪಪ್ಪನಿಗೆ ಭಾರಿ ಹುಮ್ಮಸ್ಸು. ಮೂಗು ಎಳೆದು, ಎದೆ ಬಡಿದುಕೊಂಡು, ಬನಿಯನ್ನಿನಲ್ಲಿ ಕಣ್ಣೊರೆಸಿಕೊಂಡು ಆಡುವಾಗ ನನಗೆ ನಗು ತಡೆಯಲಾಗದೆ ಮಾತೇ ಮರೆತುಹೋಗುತ್ತಿತ್ತು. ಅಡುಗೆಮನೆಯಿಂದ ಮಮ್ಮಿ ಕೂಗಿ ನೆನಪಿಸುತ್ತಿದ್ದಳು. ಕೇಳಿ ಕೇಳಿ ಅವಳಿಗೆ ನನಗಿಂತ ಚೆನ್ನಾಗಿ ಬಾಯಿಪಾಠ ಬಂದಿತ್ತು.

ಕ್ರಿಸ್‌ಮಸ್ಸಿಗೆ ಸ್ವಲ್ಪ ಮೊದಲು ಪಪ್ಪನಿಗೆ ಕಂಪೆನಿಯ ನೋಟಿಸು ಬಂತು. ಅವರ ಜಾಗಕ್ಕೆ ಕಡಿಮೆ ಸಂಬಳದ ಹೊಸಬ ಬರುತ್ತಾನೆ, ಅವನಿಗೆ ಪಪ್ಪನೇ ಕೆಲಸ ಕಲಿಸಿ ಹೋಗಬೇಕು. ಇದಕ್ಕೆ ಗಲ್ಫಿನಲ್ಲಿ ಹ್ಯಾಂಡೋವರ್ ಎಂಬ ಮರ್ಯಾದೆಯ ಹೆಸರಿದೆ. ನಿಮ್ಮ ತಟ್ಟೆಯಿಂದ ಉಣ್ಣುವುದು ಹೇಗೆಂದು ಇನ್ನೊಬ್ಬನಿಗೆ ನೀವೇ ತುತ್ತು ಕಲಸಿ ತೋರಿಸಬೇಕು, ಅಷ್ಟೇ. ಯಾರೂ ಇಲ್ಲವೆನ್ನುವುದಿಲ್ಲ, ಇಲ್ಲವೆಂದರೆ ಬರಬೇಕಾದ ಬಾಕಿ ಹಣದ ಲೆಕ್ಕ ಚುಕ್ತಾ ಆಗುವುದಿಲ್ಲ ಎಂಬ ಹೆದರಿಕೆ.

ಆ ದಿನ ಪಪ್ಪ ಮ್ಯಾನೇಜರನ ಹತ್ತಿರ ಒಂದೇ ಒಂದು ಮಾತು ಕೇಳಿಕೊಂಡರು. ಮಗಳ ಪ್ರವಾಸ ಏಪ್ರಿಲ್ ಮೊದಲ ವಾರ ಮುಗಿಯುತ್ತದೆ, ಅವಳು ಮರಳಿ ಬರುವ ತನಕ ನಮ್ಮ ವೀಸಾ ಕ್ಯಾನ್ಸಲ್ ಮಾಡಬೇಡಿ. ಮ್ಯಾನೇಜರ್ ಭುಜ ತಟ್ಟಿದನಂತೆ.

“ಎಂತ ಹೇಳಿದ?” ಮಮ್ಮಿ ಕೇಳಿದಳು.

“ಹ್ಯಾಂಡೋವರ್ ಮುಗಿದ ಮೇಲೆಯೇ ಕ್ಯಾನ್ಸಲ್ ಅಂತ ಹೇಳಿದ. ಹೊಸಬನಿಗೆ ಸರಿ ಕಲಿಸು, ಇನ್ಶಾಲ್ಲಾ ಎಲ್ಲ ಆಗ್ತದೆ ಅಂದ.”

“ಹಾಗಾದರೆ ನಿಧಾನ ಕಲಿಸಿ. ಏಪ್ರಿಲ್ ತನಕ ಎಳೆಯಿರಿ.”

ಮಮ್ಮಿ ಪ್ರತಿ ವಾರ ಅದನ್ನೇ ಹೇಳಿದಳು. ಜನವರಿಯಲ್ಲಿ ನನ್ನ ಪಾಸ್‌ಪೋರ್ಟಿಗೆ ಸ್ಪೇನಿನ ವೀಸಾ ಅಂಟಿಕೊಂಡು ಬಂತು. ಅದರಲ್ಲಿ ಎರಡು ಜಡೆಯ ನನ್ನ ಫೋಟೋ. ಮನೆಯ ಸಂಗತಿ ಶಾಲೆಯಲ್ಲಿ ಹೇಳಬಾರದೆಂದು ಮಮ್ಮಿ ನನ್ನ ಬಾಯಿಗೆ ಬೀಗ ಹಾಕಿದ್ದಳು. ನಾನು ಹೇಳಲಿಲ್ಲ. ಎಲ್ಲರ ಹಾಗೆ ನಾನೂ ಚಳಿಗೆ ಯಾವ ಜಾಕೆಟ್ ಒಯ್ಯುವುದು, ಯಾರ ರೂಮಿನಲ್ಲಿ ಯಾರು ಎಂದು ಹರಟಿದೆ. ನನ್ನ ರೂಮಿಗೆ ನನ್ನ ಗೆಳತಿ ರಿಧಾ ಎಂದು ನಿಶ್ಚಯವಾಗಿತ್ತು. ಅವಳ ತಂದೆಗೆ ಮೀನಾ ಬಂದರಿನ ಕಡೆ ಕಾರ್ಪೆಟ್ ಅಂಗಡಿ. ಸ್ವಂತ ಅಂಗಡಿಯವರ ಮನೆಯ ಮಕ್ಕಳಿಗೆ ಆ ಚಳಿಗಾಲ ಬರೀ ಚಳಿಗಾಲವಾಗಿತ್ತು.

ಪಪ್ಪ ಕಲಿಸುತ್ತಿದ್ದರು. ಹೊಸಬ ನಾಗಪುರದ ಕಡೆಯವನು, ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು ಬಂದವನು. ಗುರುವಾರ ಊಟಕ್ಕೆ ಕೂತರೆ ಪಪ್ಪನ ಬಾಯಲ್ಲಿ ಅವನದ್ದೇ ಸುದ್ದಿ. ಇವತ್ತು ವಾಲ್ವುಗಳ ಕಪಾಟು ಮುಗಿಯಿತು, ಇವತ್ತು ಯಾವ ಡ್ರೈವರ್ ಸಹಿ ಹಾಕದೆ ಸಾಮಾನು ಒಯ್ಯಲು ನೋಡುತ್ತಾನೆಂದು ಹೇಳಿಕೊಟ್ಟೆ, ಇವತ್ತು ಬಾಗಿಲು ಸಿಕ್ಕಿಕೊಂಡರೆ ಎಲ್ಲಿ ಒದೆಯಬೇಕೆಂದು ತೋರಿಸಿದೆ. ಮಮ್ಮಿ ತಟ್ಟೆಗೆ ಅನ್ನ ಬಡಿಸುವುದನ್ನು ನಿಲ್ಲಿಸಿ ಸೌಟು ಹಿಡಿದೇ ನಿಂತಳು.

“ಬಾಗಿಲಿಗೆ ಒದೆಯುವುದೂ ಕಲಿಸಬೇಕಾ ನೀವು? ಅವನೇ ಒದ್ದು ಕಲಿಯಲಿ. ಒಂದು ವಾರ ಆದರೂ ಹೋಗ್ತದೆ.”

“ಹಾಗಲ್ಲ ಮಾರಾಯ್ತಿ. ಕಲಿಸುವುದಾದರೆ ಏನೂ ಬಿಡದೆ ಕಲಿಸಬೇಕು. ಅರ್ಧ ಕಲಿಸಿ ಬಂದರೆ ನಾಳೆ ಅವನ ಹೊಟ್ಟೆಗೆ ಕಲ್ಲು.”

“ನಮ್ಮ ಹೊಟ್ಟೆಗೆ?”

ಪಪ್ಪ ನನ್ನ ಕಡೆ ನೋಡಿ ನಕ್ಕರು. ಒಳ್ಳೆಯವರು ನಗುವ ಆ ನಗು ನನಗೆ ಇವತ್ತಿಗೂ ಕಂಡರಾಗುವುದಿಲ್ಲ. ಮ್ಯಾನೇಜರ್ ಒಳ್ಳೆಯವನು ಎಂದು ಅವರು ನಂಬಿದ್ದರು, ಹೊಸಬ ಒಳ್ಳೆಯವನು ಎಂದು ನಂಬಿದ್ದರು, ಚೆನ್ನಾಗಿ ಕಲಿಸಿದರೆ ಕಂಪೆನಿಯ ಮನಸ್ಸು ಕರಗುತ್ತದೆ ಎಂದೂ ಒಳಗೊಳಗೆ ನಂಬಿದ್ದಿರಬೇಕು.

ಮಾರ್ಚ್ ತಿಂಗಳ ಒಂದು ಗುರುವಾರ, ಹೊರಗೆ ಧೂಳಿನ ಗಾಳಿ. ಎದುರಿನ ಕಟ್ಟಡ ಕಾಣುತ್ತಿರಲಿಲ್ಲ, ಕಿಟಕಿಯ ಸಂದಿಗಳಿಗೆ ಮಮ್ಮಿ ಒದ್ದೆ ಬಟ್ಟೆ ತುರುಕಿದ್ದಳು. ಪಪ್ಪ ಬಂದಾಗ ಹುಬ್ಬು, ಕೂದಲು, ಶರಟಿನ ಕಾಲರ್ ಎಲ್ಲ ಮಣ್ಣಿನ ಬಣ್ಣ. ಬೂಟು ಬಿಚ್ಚದೆ ಸೀದಾ ಬಂದು ಡೈನಿಂಗ್ ಟೇಬಲ್ಲಿನ ಮುಂದೆ, ಕೋಟೆಯ ಎದುರು ಕೂತರು. ಮಮ್ಮಿ ಸೋಫಾದ ಬಳಿ ನಿಂತು ಒಣಗಿದ ಬಟ್ಟೆ ಮಡಿಸುತ್ತಿದ್ದಳು.

“ಖಲಾಸ್,” ಎಂದರು ಪಪ್ಪ.

ಹ್ಯಾಂಡೋವರ್ ಮುಗಿದಿತ್ತು. ತನಗೀಗ ಎಲ್ಲ ಗೊತ್ತು, ಇನ್ನು ಯಾರೂ ಬೇಡ ಎಂದು ಹೊಸಬನೇ ಮ್ಯಾನೇಜರನ ಎದುರು ಹೇಳಿದ್ದ. ಮೆಚ್ಚುಗೆಗೇ ಹೇಳಿದ್ದಂತೆ, ಸರ್ ಬಹಳ ಚೆನ್ನಾಗಿ ಕಲಿಸಿದರು ಎಂದು. ಮ್ಯಾನೇಜರ್ ಪಪ್ಪನ ಕೈ ಕುಲುಕಿದ. ಹ್ಯಾಂಡೋವರ್ ಮುಗಿದ ಮೇಲೆ ಕ್ಯಾನ್ಸಲ್ ಎಂದಿದ್ದ, ಮಾತಿಗೆ ತಪ್ಪಲಿಲ್ಲ. ಪಪ್ಪ ಕೀಲಿಗೊಂಚಲು ಒಪ್ಪಿಸಿ ಬಂದಿದ್ದರು. ಭಾನುವಾರ ಬೆಳಿಗ್ಗೆ ನಮ್ಮ ಮೂವರ ಪಾಸ್‌ಪೋರ್ಟನ್ನೂ ಆಫೀಸಿಗೆ ಕೊಡಬೇಕು. ಪ್ರವಾಸಕ್ಕೆ ಇನ್ನೂ ವಾರಗಳಿದ್ದವು. ವೀಸಾ ಕ್ಯಾನ್ಸಲ್ ಆದವರಿಗೆ ಸಾಮಾನು ಕಟ್ಟಿಕೊಳ್ಳಲು ತಿಂಗಳೊಂದು ಇರಲು ಬಿಡುತ್ತಾರೆ. ಹೊರಗೆ ಹೋದರೆ ಮರಳಿ ಒಳಗೆ ಬಿಡುವುದಿಲ್ಲ.

ಇಷ್ಟು ಹೇಳಿ ಪಪ್ಪ ಅಳತೊಡಗಿದರು. ಮೊದಲ ಕ್ಷಣ ನಾನು ರಿಹರ್ಸಲ್ ಎಂದೇ ತಿಳಿದೆ. ಕೋಟೆಯ ಎದುರೇ ಕೂತಿದ್ದರಲ್ಲ. ಆದರೆ ಎದೆ ಬಡಿದುಕೊಳ್ಳಲಿಲ್ಲ, ಮೂಗು ಎಳೆಯಲಿಲ್ಲ. ಧೂಳು ಹಿಡಿದ ಕೆನ್ನೆಯ ಮೇಲೆ ಎರಡು ಗೆರೆ ಮಾತ್ರ ಇಳಿಯಿತು. ನಿಜವಾದ ಅಳು ನೋಡಲಿಕ್ಕೆ ಏನೂ ಚೆನ್ನಾಗಿರುವುದಿಲ್ಲ.

ಮಮ್ಮಿ ಅವರ ಕಡೆ ನೋಡಲಿಲ್ಲ. ಟವೆಲನ್ನು ಎರಡಾಗಿ ಮಡಿಸಿದಳು, ನಾಲ್ಕಾಗಿ ಮಡಿಸಿದಳು, ಅಂಗೈಯಿಂದ ಅದರ ಸುಕ್ಕು ತೀಡಿದಳು. ಯಾವತ್ತೂ ಪಪ್ಪನಿಗೆ ನೀವು ಎನ್ನುತ್ತಿದ್ದವಳು ಅವತ್ತು ನೀನು ಎಂದಳು. ಇಂಗ್ಲಿಷಿನಲ್ಲಿ ಕೇಳಿ ಕೇಳಿ ಬಾಯಿಪಾಠವಾದದ್ದನ್ನು ನಮ್ಮ ಮನೆಮಾತಿನಲ್ಲಿ, ದನಿ ಏರಿಸದೆ, ಟವೆಲಿಗೇ ಹೇಳುವವಳ ಹಾಗೆ ಹೇಳಿದಳು.

“ಅಳು. ಉಳಿಸಿಕೊಳ್ಳಲಿಕ್ಕೆ ಆಗ್ಲಿಲ್ಲ ನಿನಗೆ. ಅಳುವುದಾದರೂ ಬರ್ತದಲ್ಲ.”

ಆಮೇಲೆ ಮುಂದಿನ ಟವೆಲ್ ಎತ್ತಿಕೊಂಡಳು. ಪಪ್ಪನ ಅಳು ಅಲ್ಲಿಗೇ ನಿಂತಿತು. ಎದ್ದು ಹೋಗಿ ಬೂಟು ಬಿಚ್ಚಿದರು, ಸ್ನಾನ ಮಾಡಿದರು, ಊಟಕ್ಕೂ ಬಂದರು. ಆಮೇಲೆ ಆ ಮನೆಯಲ್ಲಿ ಯಾರೂ ಸುಲ್ತಾನನ ಪಾರ್ಟು ಮಾಡಲಿಲ್ಲ.

ಭಾನುವಾರ ನಾನು ಝುಬೇದಾ ಮಿಸ್ಸಿಗೆ ಹೇಳಿದೆ. ಅವರು ಸ್ಟಾಫ್ ರೂಮಿನ ಹೊರಗೆ ನನ್ನ ಕೈ ಹಿಡಿದುಕೊಂಡರು, ಕಣ್ಣೂ ಒರೆಸಿಕೊಂಡರು. ಗ್ರಾನಡಾದಿಂದ ನನ್ನನ್ನು ಸೀದಾ ಮಂಗಳೂರಿಗೆ ಕಳಿಸಲು ಆಗುತ್ತದಾ ಎಂದು ಕೇಳಿ ಬರಲು ಮಮ್ಮಿ ಹೇಳಿದ್ದಳು. ಗುಂಪಿನ ಟಿಕೆಟು, ಒಬ್ಬಳನ್ನು ಬೇರೆ ಕಳಿಸಲು ಬರುವುದಿಲ್ಲ ಎಂದರು. ಆಮೇಲೆ ಕರ್ಚೀಫು ಮಡಿಸಿ ಬ್ಯಾಗಿಗೆ ಹಾಕಿ, “ಒಂದು ಉಪಕಾರ ಮಾಡ್ಬೇಕು ಮಗಾ” ಎಂದರು.

“ಎಂತ ಮಿಸ್?”

“ನಿನ್ನ ಪಾರ್ಟು ರಿಧಾಗೆ ಕೊಡ್ತಾ ಇದ್ದೇನೆ. ಅವಳಿಗೆ ಬರುದಿಲ್ಲ. ಮೆತ್ತಗೆ ಹೇಳ್ತಾಳೆ, ಮದುವೆಗೆ ಕರೆದ ಹಾಗೆ. ನೀನು ಸ್ವಲ್ಪ ಕಲಿಸಿಕೊಡು. ದೊಡ್ಡ ಮನಸ್ಸು ಮಾಡು, ಆಯ್ತಾ?”

ಒಳ್ಳೆಯ ಜನ ಕೇಳುವ ಉಪಕಾರಗಳಿಗೆ ಇಲ್ಲವೆನ್ನಲು ಹದಿನಾಲ್ಕರ ಹುಡುಗಿಗೆ ಬಾಯಿ ಬರುವುದಿಲ್ಲ. ಮನೆಗೆ ಬಂದು ಚಪ್ಪಲಿ ಎಸೆದೆ. ಪಪ್ಪ ಬಾಲ್ಕನಿಯಲ್ಲಿದ್ದರು, ಕೆಲಸವಿಲ್ಲದ ಮೊದಲ ವಾರ.

“ನಾನು ಕಲಿಸುದಿಲ್ಲ. ಅಥವಾ ತಪ್ಪು ಕಲಿಸ್ತೇನೆ. ಅಲ್ಲಿ ನಿಂತು ಎಲ್ಲರ ಮುಂದೆ ಮಂಗ ಆಗಲಿ ಅವಳು.”

“ಛೆ, ಬಾಯೆ,” ಎಂದರು ಪಪ್ಪ. ಹೆಣ್ಣುಮಕ್ಕಳನ್ನು ನಮ್ಮಲ್ಲಿ ಮುದ್ದಿನಿಂದ ಹಾಗೆ ಕರೆಯುತ್ತಾರೆ. “ಕಲಿಸುವುದಾದರೆ ಏನೂ ಬಿಡದೆ ಕಲಿಸಬೇಕು.”

ಅಷ್ಟೆಲ್ಲ ಆದ ಮೇಲೂ ಅದನ್ನೇ ಹೇಳಿದರು. ಆಗಲಿ, ಏನೂ ಬಿಡುವುದಿಲ್ಲ ಎಂದುಕೊಂಡೆ.

ಶಾಲೆಯಲ್ಲಿ ಊಟದ ಬಿಡುವಿನಲ್ಲಿ, ಲೈಬ್ರರಿಯ ಹಿಂದಿನ ಮೆಟ್ಟಿಲ ಬಳಿ ಕಲಿಸಿದೆ. ರಿಧಾ ಮೊದಲು ನನ್ನನ್ನು ತಬ್ಬಿಕೊಂಡು ಅತ್ತಳು. ಮತ್ತೆ ಪಾರ್ಟು ಹೇಳಿದಳು. ಮಿಸ್ ಹೇಳಿದ್ದು ಸರಿಯಾಗಿತ್ತು, ಮದುವೆಗೆ ಕರೆದ ಹಾಗೆಯೇ ಇತ್ತು.

“ಐ ಕಾಂಟ್, ಲವಿಟಾ. ಮಗ ಅಳುವಾಗ ಯಾವ ಅಮ್ಮ ಹೀಗೆ ಹೇಳ್ತಾಳೆ? ನನ್ನ ಉಮ್ಮ ಆಗಿದ್ರೆ ಹಗ್ ಮಾಡ್ತಿದ್ರು.”

“ನಿನ್ನ ಉಮ್ಮನಿಗೆ ಎಂತ ಹೋಗಿದೆ ಹೇಳ್ಲಿಕ್ಕೆ? ನಿಮ್ಮ ಅಂಗಡಿ ಅಲ್ಲೇ ಉಂಟಲ್ಲ.”

ಅವಳ ಮುಖ ಸಣ್ಣಗಾಯಿತು. ನನಗೆ ಸ್ವಲ್ಪ ಸಮಾಧಾನವಾಯಿತು.

“ಕೂಗಬೇಡ,” ಎಂದೆ. “ಸಿಟ್ಟು ಮಾಡಬೇಡ. ಅವನನ್ನು ನೋಡಲೇಬೇಡ. ನಿನ್ನ ಶಾಲು ಕೈಯಲ್ಲಿ ಇಟ್ಟುಕೋ. ಎರಡಾಗಿ ಮಡಿಸು. ಈಗ ನಾಲ್ಕು. ಹೀಗೆ, ಅಂಗೈಯಲ್ಲಿ ತೀಡು, ಸುಕ್ಕು ಹೋಗಬೇಕು. ಶಾಲಿಗೇ ಹೇಳುವ ಹಾಗೆ ಹೇಳು. ಹೇಳಿ ಆದ ಮೇಲೆ ಸುಮ್ಮನೆ ಬೇರೆ ಕೆಲಸ ಮಾಡು.”

ಮೂರನೇ ಬಿಡುವಿಗೆ ಅವಳಿಗೆ ಬಂತು. ಎಷ್ಟು ಚೆನ್ನಾಗಿ ಬಂತೆಂದರೆ ಹೇಳಿ ಮುಗಿಸಿ ತಾನೇ ಹೆದರಿ ನನ್ನ ಮುಖ ನೋಡಿದಳು. ಮಿಸ್ ಬಂದು ನೋಡಿ ನನ್ನ ಕಡೆ ತಿರುಗಿದರು. ಇದನ್ನು ಎಲ್ಲಿಂದ ತೆಗೆದೆ ನೀನು ಎಂದು ಕೇಳಿದರು. ಸುಮ್ಮನೆ ಯೋಚಿಸಿದೆ ಮಿಸ್ ಎಂದೆ.

ಅವರೆಲ್ಲ ಹೊರಟ ಹೊತ್ತಿಗೆ ನಮ್ಮ ಮನೆ ಅರ್ಧ ಖಾಲಿ. ಮಮ್ಮಿ ಕ್ಲಿನಿಕ್ಕಿನ ಯೂನಿಫಾರಂ ವಾಪಸ್ ಕೊಟ್ಟು ಬಂದಿದ್ದಳು. ಸೋಫಾ, ಫ್ರಿಡ್ಜು, ಡೈನಿಂಗ್ ಟೇಬಲ್ ಎಲ್ಲ ಅವರಿವರು ಬಂದು ಹೊತ್ತುಕೊಂಡು ಹೋದರು. ನನ್ನ ಕೋಟೆ ಯಾರಿಗೂ ಬೇಡವಾಗಿತ್ತು. ಶಾಲೆಯ ಪ್ರದರ್ಶನಕ್ಕೆ ಅದನ್ನು ಒಯ್ಯಲು ನನಗೂ ಮನಸ್ಸಾಗಿರಲಿಲ್ಲ. ಪಪ್ಪ ಅದನ್ನು ಹುಷಾರಾಗಿ ಕೆಳಗಿಳಿಸಿ ಓಣಿಯ ದೊಡ್ಡ ಕಸದ ಡಬ್ಬಿಯ ಪಕ್ಕದಲ್ಲಿಟ್ಟರು, ಒಳಗೆ ಎಸೆಯಲಿಲ್ಲ. ಮಾರನೇ ದಿನ ಬಾಲ್ಕನಿಯಿಂದ ನೋಡಿದರೆ ಸಿಂಹಗಳ ಅಂಗಳದಲ್ಲಿ ಓಣಿಯ ಬೆಕ್ಕೊಂದು ದೊಡ್ಡದಾದ ಮರಿಗಳನ್ನು ಕಟ್ಟಿಕೊಂಡು ಮಲಗಿತ್ತು. ಹಿಟ್ಟಿನ ಸಿಂಹಗಳನ್ನು ಮರಿಗಳು ತಿನ್ನುತ್ತಿದ್ದವು.

ಪಾಸ್‌ಪೋರ್ಟ್ ಮರಳಿ ಬಂದಿತ್ತು. ಒಂದು ಪುಟದಲ್ಲಿ ಎರಡು ಜಡೆಯ ನಾನಿರುವ ಸ್ಪೇನಿನ ವೀಸಾ, ಇನ್ನೊಂದು ಪುಟದಲ್ಲಿ ಇಲ್ಲಿಯ ವೀಸಾದ ಮೇಲೆ ಅಡ್ಡಕ್ಕೆ ಹೊಡೆದ ಕ್ಯಾನ್ಸಲ್ ಮೊಹರು. ಮಂಗಳೂರಿನ ವಿಮಾನ ಹತ್ತುವ ಮೊದಲಿನ ದಿನ, ಮಧ್ಯಾಹ್ನ, ರಿಧಾ ವಿಡಿಯೋ ಕಳಿಸಿದಳು. ನಾವು ಮೂವರೂ ಖಾಲಿ ಹಾಲ್‌ನಲ್ಲಿ ನೆಲದ ಮೇಲೆ ಕೂತಿದ್ದೆವು, ನಡುವೆ ಬಾಯಿ ತೆರೆದ ಸೂಟ್‌ಕೇಸುಗಳು. ಮಮ್ಮಿ ಬಟ್ಟೆ ತುಂಬುತ್ತಿದ್ದಳು. ಪಪ್ಪ ಪಾತ್ರೆಗಳಿಗೆ ಪೇಪರ್ ಸುತ್ತುತ್ತಿದ್ದರು.

“ಗ್ರಾನಡಾದ್ದಾ? ಕೊಡು ಕೊಡು, ನೋಡುವ,” ಎಂದು ಪಪ್ಪ ಮೊಬೈಲ್ ತೆಗೆದುಕೊಂಡರು. ಕೊಡುವ ಮೊದಲು ಅದರಲ್ಲಿ ಏನಿರುತ್ತದೆಂದು ನಾನು ಯೋಚಿಸಿರಲಿಲ್ಲ. ಅಥವಾ ಯೋಚಿಸಿದ್ದೆನೋ ಏನೋ, ಕೊಟ್ಟೆ.

ಗುಡ್ಡದ ದಾರಿ, ಗಾಳಿ, ದೂರದಲ್ಲಿ ಬಿಳಿ ಮನೆಗಳ ಊರು. ಗಾಳಿಗೆ ಮಿಸ್ಸಿನ ಸೆರಗು ಕ್ಯಾಮೆರಾಕ್ಕೆ ಅಡ್ಡ ಬಂದು ಸರಿಯಿತು. ಸುಲ್ತಾನನಾದ ಹುಡುಗ ತಿರುಗಿ ನೋಡಿ ಮುಖ ಮುಚ್ಚಿಕೊಂಡ, ಹಿಂದೆ ಯಾರೋ ಕಿಸಕ್ಕೆಂದರು. ಅಲ್ಲಿಗೆ ರಿಧಾ ಬಂದಳು. ಶಾಲು ತೆಗೆದಳು. ಎರಡಾಗಿ ಮಡಿಸಿದಳು, ನಾಲ್ಕಾಗಿ ಮಡಿಸಿದಳು, ಅಂಗೈಯಿಂದ ತೀಡಿದಳು. ಅವನ ಕಡೆ ನೋಡದೆ ಹೇಳಿದಳು. ಕಿಸಕ್ಕೆಂದವರು ಸುಮ್ಮನಾದರು. ಆಮೇಲೆ ಚಪ್ಪಾಳೆಯೋ ಚಪ್ಪಾಳೆ.

ಪಪ್ಪ ವಿಡಿಯೋ ಮುಗಿದ ಮೇಲೂ ಮೊಬೈಲ್ ನೋಡುತ್ತಲೇ ಇದ್ದರು. ಮತ್ತೆ ಮೊದಲಿನಿಂದ ಹಾಕಿದರು. ಈ ಸಲ ಶಾಲು ಮಡಿಸುವಲ್ಲಿಗೆ ಬಂದಾಗ ಮೊಬೈಲನ್ನು ಸ್ವಲ್ಪ ಹತ್ತಿರ ಹಿಡಿದುಕೊಂಡರು. ಖಾಲಿ ಮನೆಯಾದ್ದರಿಂದ ರಿಧಾಳ ದನಿ ಗೋಡೆಗೆ ತಾಗಿ ದೊಡ್ಡದಾಗಿ ಕೇಳಿಸಿತು. ಮಮ್ಮಿ ತಲೆ ಎತ್ತಲಿಲ್ಲ.

ಪಪ್ಪ ಮೊಬೈಲನ್ನು ನನ್ನ ಕೈಗೆ ಕೊಟ್ಟರು. ಸಿಟ್ಟಿರಲಿಲ್ಲ ಅವರ ಮುಖದಲ್ಲಿ. ಹೊಸಬನ ಸುದ್ದಿ ಹೇಳುವಾಗ ಇರುತ್ತಿದ್ದ ಅದೇ ಮುಖ.

“ಒಳ್ಳೆ ಕಲಿಸಿದ್ದಿ ಬಾಯೆ,” ಎಂದರು. “ಏನೂ ಬಿಡ್ಲಿಲ್ಲ.”

ಪೇಪರ್ ಸುತ್ತಲು ಇನ್ನೊಂದು ಪಾತ್ರೆ ಎತ್ತಿಕೊಂಡರು. ಮಮ್ಮಿ ಕೈಯಲ್ಲಿದ್ದ ಟವೆಲನ್ನು ಮಡಿಸದೆ ಹಾಗೆಯೇ ಸೂಟ್‌ಕೇಸಿನೊಳಗೆ ತುರುಕಿದಳು.